ಹುಡುಗ ಮಲಗಂಗಿಲ್ರೀ

“ಒಂಬತ್ತಕ್ಕ ಹಾಸಿಗಿಗೆ ಕಳಿಸಿದ್ರೂ ಹನ್ನೊಂದೂವರಿ ಮಟ ಕಣ್ಣ ಮುಚ್ಚಂಗಿಲ್ರೀ ಅಕ್ಕಾರ. ನೀರ ಬೇಕಂತಾನ, ಫ್ಯಾನಿನ ಸಪ್ಪಳ ಅಂತಾನ, ಎದ್ದ ಹೋಗಿ ಕಿಟಕ್ಯಾಗ ನಿಂದರ್ತಾನ. ಮುಂಜಾನೆ ಎಬ್ಬಸೋದ್ರಾಗ ನನ್ನ ಜೀವಾ ಹೋಗ್ತೈತಿ.”

ಕಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಾ ಪಕ್ಕದ ಮನೆಯ ವೈನಿ ಹೇಳುವುದು ಇದನ್ನೇ. ಧಾರವಾಡದ ಕಡೆಯವರು. ಮಗ ಐದನೇ ಕ್ಲಾಸು, ಅವನಿಗೆ ಗಮನ ನಿಲ್ಲಗೊಡದ, ಚಡಪಡಿಸುವಂತೆ ಮಾಡುವ ಎಡಿಎಚ್‌ಡಿ ಇದೆ. ನಮ್ಮದು ನವಿ ಮುಂಬೈಯ ಬೇಲಾಪುರದ ಆರ್ಟಿಸ್ಟ್ ವಿಲೇಜ್. ಏಳು ಮನೆಗೊಂದು ಅಂಗಳ ಬಿಟ್ಟು ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಬಡಾವಣೆ, ಒಂದು ಮನೆಯ ರಾತ್ರಿ ಗಲಾಟೆ ಎಲ್ಲರ ಕಿವಿಗೂ ಬೀಳುತ್ತದೆ. ತಾಯಿ ಸಲಿಗೆ ಕೊಟ್ಟು ಕೆಡಿಸಿದಳು ಅನ್ನುವವರಿಗೂ ಬರವಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ನಿದ್ದೆಯ ತೊಂದರೆ ಕಂಡಿತ್ತು. ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಇಂಥ ಅನೇಕ ಮಕ್ಕಳಲ್ಲಿ ತಡವಾಗಿ ಏರುತ್ತದೆ. ಹುಡುಗ ಹಟ ಮಾಡುತ್ತಿಲ್ಲ, ಅವನಿಗೆ ನಿಜಕ್ಕೂ ನಿದ್ದೆ ಬಂದಿಲ್ಲ.

ಬೈಯುವ ಮೊದಲು ಯಾಕೆ ಬರುತ್ತಿಲ್ಲ ಅಂತ ಹುಡುಕಬೇಕು. ಸಂಜೆ ಏನು ಕೊಡ್ತೀರಿ ಅಂತ ಕೇಳಿದೆ. ಆಡಿ ಬಂದವನಿಗೆ ಚಹಾ, ಖಾರಿ ಬಿಸ್ಕತ್ತು. ಚಹಾದ ಕೆಫೀನು ಒಂದು ಕಡೆ. ಊಟದ ಬೆನ್ನಿಗೇ ಕುಡಿದರೆ ಕಬ್ಬಿಣದಂಶ ಮೈಗೆ ಹತ್ತುವುದೂ ಕಡಿಮೆ. ಕಬ್ಬಿಣ ಕಮ್ಮಿಯಾದ ಕೆಲವು ಮಕ್ಕಳಿಗೆ ಮಲಗಿದೊಡನೆ ಕಾಲಲ್ಲಿ ಏನೋ ಹರಿದಾಡಿದಂತಾಗಿ, ಕಾಲು ಆಡಿಸದೆ ಇರಲಾಗುವುದಿಲ್ಲ. ಹಿಮೋಗ್ಲೋಬಿನ್ ಸರಿ ಇದ್ದರೂ, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಕಡಿಮೆ ಇರಬಹುದು. ಆ ರಕ್ತಪರೀಕ್ಷೆಯನ್ನು ಕೇಳಿಯೇ ಮಾಡಿಸಬೇಕು.

ಗೊರಕೆ ಹೊಡೀತಾನಾ?

“ಹೂನ್ರೀ, ಬಾಯಿ ತಗದ ಮಲಗ್ತಾನ.”

ಹಾಗಿದ್ದರೆ ಉಸಿರಿಗೆ ಅಡ್ಡಿಯಾಗಿ ನಿದ್ದೆ ಕೆಡುತ್ತಿರಬಹುದು, ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳ ಬಗ್ಗೆ ಅಮೆರಿಕದಿಂದ 2006ರಲ್ಲಿ ಬಂದ ವರದಿ ನೋಡಿ: ಮೊದಲು ಎಡಿಎಚ್‌ಡಿ ಅನ್ನಿಸಿಕೊಂಡಿದ್ದವರಲ್ಲಿ ಅರ್ಧದಷ್ಟು ಮಕ್ಕಳಿಗೆ ವರ್ಷದ ನಂತರ ಆ ಹೆಸರೇ ಉಳಿದಿರಲಿಲ್ಲ. ಎಲ್ಲರಿಗೂ ಹಾಗಾಗದು. ಆದರೆ ಪರೀಕ್ಷಿಸದೆ ಬಿಡುವುದು ಸರಿಯಲ್ಲ. ಮೀಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಮಾತ್ರೆ ಕೊಡುತ್ತಿದ್ದರೆ, ಅದೂ ನಿದ್ದೆ ತಡ ಮಾಡಬಹುದಾದ್ದರಿಂದ ಅದರ ಹೊತ್ತಿನ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಬೇಕು, ನಾವಾಗಿಯೇ ನಿಲ್ಲಿಸಬಾರದು.

ಹುಡುಗನ ಅಪ್ಪನಿಗೆ ಮುಂಬೈಯ ಫೋರ್ಟಿನಲ್ಲಿ ಆಫೀಸು. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಗಂಟೆಗೂ ಮಿಕ್ಕಿ ನೇತಾಡಿ ಮನೆ ಮುಟ್ಟುವಾಗ ಒಂಬತ್ತೂವರೆ. ಮಗನ ಕುಣಿತ ಆಗ ಶುರು. ಅಪ್ಪನ ಮುಖ ನೋಡುವ ಆಸೆಯನ್ನು ತಪ್ಪೆನ್ನಲಾದೀತೇ? ಬೆಳಿಗ್ಗೆ ಆರೂವರೆಗೇ ಸ್ಕೂಲ್ ಬಸ್ಸು. ಮಕ್ಕಳ ನಿದ್ದೆಗೆಂದೇ ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶಾಲೆ ಒಂಬತ್ತಕ್ಕಿಂತ ಮುಂಚೆ ಶುರುವಾಗಬಾರದು ಎಂದಿತು, ಅದೂ ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಐದನೇ ಕ್ಲಾಸಿಗೆ ಕಾಲಿಟ್ಟ ಮಗುವಿಗೆ ಬೇಡವೇ? ಇದನ್ನು ಶಾಲೆಯ ಪಾಲಕರ ಸಭೆಯಲ್ಲಿ ನಾವೆಲ್ಲ ಸೇರಿ ಕೇಳಬೇಕು.

ಮುಂದೆ ನಾನು ಹೇಳಿದ್ದು ಕೇಳಿ ವೈನಿ ಕ್ಲಿಪ್ಪು ಕೈಯಲ್ಲೇ ಹಿಡಿದು ನಿಂತರು. ಸ್ವಲ್ಪ ದಿನ ಅವನನ್ನು ಒಂಬತ್ತಕ್ಕೆ ಮಲಗಿಸಲೇಬೇಡಿ, ಹನ್ನೊಂದೂಕಾಲಿಗೆ ಮಲಗಿಸಿ ಅಂದಿದ್ದೆ.

“ಅಯ್ಯ, ನಮ್ಮತ್ತಿ ಏನಂದಾರು!”

ದಿನಾ ಎರಡು ಗಂಟೆ ಹೊರಳಾಡಿದರೆ ಹಾಸಿಗೆ ಅಂದರೆ ಜಗಳ ಎಂದೇ ಮಗು ಕಲಿಯುತ್ತದೆ. ನಿದ್ದೆ ಬರುವ ಹೊತ್ತಿಗೇ ಮಲಗಿಸಿ. ಬೇಗ ಹತ್ತತೊಡಗಿದ ಮೇಲೆ ಕೆಲವು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಮುಂಚೆ ಮಾಡುತ್ತಾ ಬನ್ನಿ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ಕಪಾಟು ಸೇರಲಿ. ಎರಡು ಭೇಟಿ, ಒಂದು ಫೋನಿನಲ್ಲಿ ತಂದೆತಾಯಿಗೆ ಇಂಥದ್ದನ್ನೇ ಹೇಳಿಕೊಟ್ಟು ಆಸ್ಟ್ರೇಲಿಯಾದಲ್ಲಿ 244 ಮಕ್ಕಳ ಮೇಲೆ ಪ್ರಯೋಗ ನಡೆಸಿದ್ದರು. 2015ರಲ್ಲಿ ಫಲಿತಾಂಶ ಬಂತು: ನಿದ್ದೆಯಷ್ಟೇ ಅಲ್ಲ, ಹಗಲಿನ ಚಡಪಡಿಕೆಯೂ ಇಳಿದಿತ್ತು.

“ಆನ್‌ಲೈನಿನ್ಯಾಗ ನಿದ್ದಿ ಗಮ್ಮಿ ಸಿಗ್ತಾವಂತಲ್ರೀ?”

ಮಿಠಾಯಿಯಂಥ ಆ ಗಮ್ಮಿಗಳಲ್ಲಿ ಹಾಕುವ ಮೆಲಟೋನಿನ್ ಕೆಲವು ಮಕ್ಕಳಿಗೆ ನಿಜವಾಗಿ ನೆರವಾಗುತ್ತದೆ, ಡಾಕ್ಟರು ಅಳೆದು ಕೊಟ್ಟಾಗ. 2023ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ 25 ಬಗೆಯ ಗಮ್ಮಿಗಳಲ್ಲಿ 22ರ ಲೇಬಲ್ಲು ಸರಿಯಿರಲಿಲ್ಲ. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಅದನ್ನು ಬಿಡಿ ವೈನಿ. ಮೊದಲು ಎರಡು ವಾರ ಬರೆದಿಡಿ: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ. ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸಿ. ಬರೆಯುವ ಕೆಲಸ ಅವರಪ್ಪನಿಗೆ ಕೊಡಿ, ನೀವು ಹತ್ತಕ್ಕೆ ಮಲಗಿ.