ಷಡ್ಡಕರ ಕಾಡು

ಛತ್ರದಲ್ಲಿ ಕೊನೆಯ ಪಂಕ್ತಿಯ ಊಟ ಮುಗಿದು, ಜಮಖಾನದ ಮೇಲೆ ಎಲೆಯಡಿಕೆ ತಟ್ಟೆ ಬಂದದ್ದೇ ತಡ, ಒಂದು ಜಾತಿಯ ಮನುಷ್ಯರಿಗೆ ಜೀವ ಬರುತ್ತದೆ. ಹಿಂದೆ ಇವರು ಕೈ ನೋಡುತ್ತಿದ್ದರು. ಹೆಣ್ಣುಮಕ್ಕಳ ಕೈಯನ್ನೇ ಹೆಚ್ಚು ಹೊತ್ತು ನೋಡುತ್ತಾರೆಂಬ ದೂರು ಬಂದ ಮೇಲೆ ರಾಶಿ, ನಕ್ಷತ್ರ ಹಿಡಿದರು. ಈಗ ಅದನ್ನೆಲ್ಲ ಮೊಬೈಲೇ ಹೇಳುವುದರಿಂದ ಮನಶ್ಶಾಸ್ತ್ರಕ್ಕೆ ಬಂದಿದ್ದಾರೆ. “ಕಣ್ಣು ಮುಚ್ಕೊಳ್ಳಿ. ನೀವೀಗ ಒಂದು ಕಾಡಲ್ಲಿ ನಡೀತಾ ಇದ್ದೀರಿ...” ಎಂಬ ದನಿ ಕಿವಿಗೆ ಬಿದ್ದರೆ, ಚಪ್ಪಲಿ ಎಲ್ಲಿ ಬಿಟ್ಟಿದ್ದೇವೆಂದು ನೆನಪು ಮಾಡಿಕೊಳ್ಳುವುದು ಕ್ಷೇಮ.

ಈ ತಳಿಯಲ್ಲೇ ಒಳ್ಳೆಯದೊಂದನ್ನು ಆರಿಸಿ ದೇವರು ನನಗೆ ಷಡ್ಡಕರನ್ನಾಗಿ ಕೊಟ್ಟಿದ್ದಾನೆ. ಬ್ಯಾಂಕಿನಲ್ಲಿದ್ದವರು. ನಿವೃತ್ತಿಗೆ ಮುಂಚೆ ಯಾವುದೋ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿಬಂದರು. ಶಿಬಿರದಲ್ಲಿ ಎಲ್ಲರಿಗೂ ಒಂದು ಚೀಲ, ಒಂದು ಪೆನ್ನು ಸಿಕ್ಕಿತಂತೆ; ಇವರಿಗೆ ಜೊತೆಗೆ ಕಾಡೂ ಸಿಕ್ಕಿತು.

ಕಾಡು ದಟ್ಟವೋ, ಬಯಲೋ? ದಾರಿಯಲ್ಲೊಂದು ಲೋಟ ಬಿದ್ದಿದೆ, ಏನು ಮಾಡ್ತೀರಿ? ಬೀಗದ ಕೈ ಕಾಣುತ್ತದೆ, ಎತ್ತಿಕೊಳ್ತೀರೋ? ಕರಡಿ ಎದುರಾಗುತ್ತದೆ. ನೀರು ಬರುತ್ತದೆ. ಕೊನೆಗೊಂದು ಗೋಡೆ. ಎಲ್ಲಕ್ಕೂ ಉತ್ತರ ಬಂದಾದ ಮೇಲೆ ಇವರು ಕನ್ನಡಕ ಒರೆಸಿಕೊಂಡು ಗುಟ್ಟು ಬಿಡಿಸುತ್ತಾರೆ: ಕಾಡೆಂದರೆ ಬದುಕು, ಲೋಟ ಪ್ರೀತಿ, ಬೀಗದ ಕೈ ವಿದ್ಯೆ, ಕರಡಿ ಕಷ್ಟ, ಗೋಡೆ ಸಾವು. ನೀರಿನ ಅರ್ಥ ಮಾತ್ರ ಸಭೆ ನೋಡಿ ಬದಲಾಗುತ್ತದೆ. ಹೆಂಗಸರಿದ್ದರೆ ಅದು “ಒಟ್ಟಾರೆ ಉತ್ಸಾಹ”. ಗಂಡಸರಷ್ಟೇ ಇದ್ದರೆ ದನಿ ತಗ್ಗಿಸಿ ನಿಜ ಹೇಳಿ, ನಮ್ಮ ನೀರು ಎಷ್ಟು ಆಳವಿತ್ತೆಂದು ಮತ್ತೊಮ್ಮೆ ವಿಚಾರಿಸುತ್ತಾರೆ. ನಾನು ಮೊದಲ ಸಲ ಮೊಣಕಾಲುದ್ದ ಎಂದಿದ್ದೆ. ಆ ಮಾಹಿತಿ ಈಗ ನನ್ನ ಹೆಂಡತಿಯ ತವರಿನವರಿಗೆಲ್ಲ ಗೊತ್ತು.

ಇವರ ಕಾಡಿಗೆ ಸರಿಯಾದ ಶಾಸ್ತಿ ಮಾಡಿದವರು ನನ್ನ ಹೆಂಡತಿಯ ದೊಡ್ಡಮ್ಮ. ಮದುವೆಯಾಗಿ ಹೊಸಪೇಟೆ ಕಡೆ ಹೋದವರು, ಮಾತೂ ಆ ಕಡೆಯದೇ ಆಗಿದೆ. ಊರು ದರೋಜಿ ಕರಡಿಧಾಮದ ಆಸುಪಾಸು. 1994ರಲ್ಲಿ ಸರ್ಕಾರ ಅದನ್ನು ಕರಡಿಧಾಮವೆಂದು ಘೋಷಿಸುವ ಎಷ್ಟೋ ಮೊದಲೇ ಅವರಿಗೆ ಕರಡಿಗಳ ಪರಿಚಯವಿತ್ತು. ಇದೊಂದೂ ಗೊತ್ತಿಲ್ಲದೆ ಷಡ್ಡಕರು, “ಕಣ್ಣು ಮುಚ್ಚಿ ದೊಡ್ಡಮ್ಮ, ಕಾಡಲ್ಲಿ ಒಬ್ಬರೇ ಹೋಗ್ತಾ ಇದ್ದೀರಿ” ಎಂದು ಶುರುಮಾಡಿದರು.

“ಒಬ್ಬಾಕಿನೇ ಯಾಕ ಹೋಗ್ಲಿ? ಮನ್ಯಾಗ ಗಂಡಸ್ರು ಇಲ್ಲೇನು?”

“ಇರಲಿ, ಹೋಗಿದ್ದೀರಿ. ಒಂದು ಲೋಟ ಬಿದ್ದಿದೆ.”

“ಹಿತ್ತಾಳಿದೋ, ಸ್ಟೀಲಿಂದೋ?”

ಈ ಪ್ರಶ್ನೆ ಶಿಬಿರದಲ್ಲಿ ಬಂದಿರಲಿಲ್ಲ. ಷಡ್ಡಕರು ತಡವರಿಸಿ ಸ್ಟೀಲು ಎಂದರು. ಸ್ಟೀಲಾದರೆ ಯಾರ ಹೆಸರು ಕೆತ್ತಿಸಿದ್ದಾರೆ ನೋಡಿ ಅವರ ಮನೆಗೆ ಮುಟ್ಟಿಸುವುದಾಗಿ ದೊಡ್ಡಮ್ಮ ಹೇಳಿದರು. ಬೀಗದ ಕೈಗೂ ಅದೇ ಗತಿ. ಪ್ರೀತಿ, ವಿದ್ಯೆ ಎರಡನ್ನೂ ವಾರಸುದಾರರಿಗೆ ಒಪ್ಪಿಸಿ ಅವರು ಮುಂದಕ್ಕೆ ಹೊರಟಾಗ, ಷಡ್ಡಕರು ಕೊನೆಯ ಅಸ್ತ್ರವಾಗಿ ಕರಡಿಯನ್ನು ಬಿಟ್ಟರು.

ದೊಡ್ಡಮ್ಮ ತಟ್ಟನೆ ಕಣ್ಣು ತೆರೆದರು. “ಯಪ್ಪಾ, ಎದುರಿಗೆ ಕರಡಿ ಬಂದಾಗ ಕಣ್ಣು ಮುಚ್ಚಿ ಕುಂದ್ರಾಕ ನನಗೇನು ಹುಚ್ಚು ಹಿಡದೈತೇನು?”

ಅವತ್ತಿನ ಆಟ ಅಲ್ಲಿಗೇ ನಿಂತಿತು. ಗೋಡೆಯನ್ನು ಯಾರೂ ಕೇಳಲಿಲ್ಲ.

ಷಡ್ಡಕರನ್ನು ಗೇಲಿ ಮಾಡಿದರೆ “ಇದು ಸೈನ್ಸು ರೀ” ಎನ್ನುತ್ತಾರೆ. ವಂಶಾವಳಿಯೇನೋ ದೊಡ್ಡದೇ. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲೇ ಹತ್ತು ಶಾಯಿ ಕಲೆಗಳನ್ನು ತೋರಿಸಿ ‘ಇದೇನಿರಬಹುದು’ ಎಂದು ಕೇಳುವ ವಿಧಾನವನ್ನು ಪ್ರಕಟಿಸಿದ. 1950ರ ದಶಕದಲ್ಲಿ ಜರ್ಮನಿಯ ವೈದ್ಯ ಹಾನ್ಸ್‌ಕಾರ್ಲ್ ಲಾಯ್ನರ್ ರೋಗಿಗಳ ಕಣ್ಣು ಮುಚ್ಚಿಸಿ ಹುಲ್ಲುಗಾವಲು, ತೊರೆ, ಬೆಟ್ಟ, ಮನೆಗಳ ಕಲ್ಪನೆಯಲ್ಲಿ ನಡೆಸಿದ. 1990ರ ದಶಕದಲ್ಲಿ ಜಪಾನಿನವರು ಇಂಥ ಪ್ರಶ್ನೆಗಳಿಗೆ ‘ಕೊಕೊಲಜಿ’ ಎಂದು ಹೆಸರಿಟ್ಟು ಟಿ.ವಿ.ಗೂ ಪುಸ್ತಕದಂಗಡಿಗೂ ತಂದರು. ಆದರೆ ಲಾಯ್ನರ್ ಮಾಡುತ್ತಿದ್ದದ್ದು ಚಿಕಿತ್ಸೆ. ಅವನ ಕೋಣೆಯಲ್ಲಿ ಎಲೆಯಡಿಕೆ ತಟ್ಟೆ ಇದ್ದಿರಲಾರದು.

ಒಮ್ಮೆ ನಾನು ಓದಿಕೊಂಡೇ ಹೋದೆ. “ಭಾವ, ಅಮೆರಿಕದ ಬರ್ಟ್ರಮ್ ಫೋರರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ‘ಇದು ನಿನ್ನ ಸ್ವಭಾವ’ ಅಂತ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟ. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರೆ ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲ ಚೀಟಿಯಲ್ಲೂ ಒಂದೇ ಒಕ್ಕಣೆ! ಅದೂ ಬಹುಪಾಲು ಅಂಗಡಿಯಲ್ಲಿ ಸಿಗೋ ಜ್ಯೋತಿಷ್ಯದ ಪುಸ್ತಕದ್ದು.”

ಷಡ್ಡಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪ್ರಸನ್ನರಾಗಿ ನನ್ನ ಹೆಂಡತಿಯತ್ತ ತಿರುಗಿ, “ನಿನ್ನ ಯಜಮಾನರದ್ದು ಎತ್ತರದ ಗೋಡೆ ಅಂತ ನಾನು ಆವತ್ತೇ ಹೇಳಿರಲಿಲ್ವೇನಮ್ಮ?” ಎಂದರು. ಅವಳು ಐದಕ್ಕೆ ಐದು ಕೊಡುವವಳಂತೆ ತಲೆಯಾಡಿಸಿದಳು.

ಇಷ್ಟಾದರೂ ಈ ಮನುಷ್ಯನನ್ನು ಪೂರ್ತಿ ಬೈಯಲು ನನಗೆ ಆಗದಿರುವುದಕ್ಕೆ ಒಂದು ಕಾರಣವಿದೆ. ಒಂದು ನಾಮಕರಣದಲ್ಲಿ ನೆಂಟರ ಹುಡುಗನೊಬ್ಬ ಸಿಕ್ಕಿಬಿದ್ದ. ದ್ವಿತೀಯ ಪಿಯುಸಿ, ಸಿಇಟಿ ಹತ್ತಿರದಲ್ಲಿತ್ತು. ಪಕ್ಕದಲ್ಲೇ ಅವನಪ್ಪ, ಮಗ ಇಂಜಿನಿಯರಾಗಿಬಿಟ್ಟಿದ್ದಾನೆ ಎಂಬ ಠೀವಿಯಲ್ಲಿ ಕೂತಿದ್ದರು. ಬೀಗದ ಕೈ ಬಂದಾಗ ಹುಡುಗ ಕಣ್ಣು ಮುಚ್ಚಿಕೊಂಡೇ, “ನೀರಿಗೆ ಎಸೆದುಬಿಡ್ತೀನಿ” ಎಂದ. ಎಸೆದ ಮೇಲೆ ಹಗುರಾಯಿತೆಂಬಂತೆ ಉಸಿರೂ ಬಿಟ್ಟ.

ಬೀಗದ ಕೈಯ ಅರ್ಥ ಗೊತ್ತಿದ್ದ ನಾವೆಲ್ಲ ಅವನಪ್ಪನ ಮುಖ ನೋಡಿದೆವು. ಯಾರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳದ ಷಡ್ಡಕರು ಅಂದು ಮಾತ್ರ, “ಬೀಗದ ಕೈ ಅಂದರೆ ದುಡ್ಡಿನಾಸೆ. ಹುಡುಗನಿಗೆ ಅದಿಲ್ಲ, ಒಳ್ಳೆಯ ಗುಣ” ಎಂದು ಹಸಿ ಸುಳ್ಳು ಹೇಳಿದರು. ಆಮೇಲೆ ಹುಡುಗನನ್ನು ಜಗಲಿಗೆ ಕರೆದೊಯ್ದು ಮಾತಾಡುತ್ತಾ ಕೂತರು. ನೋಡಿದಾಗಲೆಲ್ಲ ಹುಡುಗನೇ ಹೇಳುತ್ತಿದ್ದ, ಇವರು ಕೇಳುತ್ತಿದ್ದರು. ಇವರ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಅದಕ್ಕೆ ಮುಂಚೆ ಕಂಡವನಲ್ಲ.

ನಮ್ಮ ಸಮಾರಂಭಗಳಲ್ಲಿ ಮಕ್ಕಳನ್ನು ನಾವು ಕೇಳುವುದು ಪರ್ಸೆಂಟೇಜು, ದೊಡ್ಡವರನ್ನು ಕೇಳುವುದು ಬಿ.ಪಿ., ಶುಗರು, ಸೈಟಿನ ರೇಟು. ನಿನಗೆ ಏನು ಕಾಣುತ್ತಿದೆ ಎಂದು ಕೇಳುವವರು ಇವರೊಬ್ಬರೇ. ಇವರು ಹೇಳುವ ಅರ್ಥಕ್ಕೆ ಕವಡೆ ಕಿಮ್ಮತ್ತಿಲ್ಲ. ಆ ಕೇಳುವಿಕೆಗೆ ಇದೆ. ಲೋಟ ಲೋಟವೇ ಇರಬಹುದು, ಆದರೆ ಅದರ ನೆವದಲ್ಲಿ ಮನುಷ್ಯ ತನ್ನ ಬಗ್ಗೆ ನಾಲ್ಕು ಮಾತು ಆಡುತ್ತಾನೆ. ಅಯ್ಯೋ, ಷಡ್ಡಕರ ಸಹವಾಸದಿಂದ ನಾನೂ ಅರ್ಥ ಹೇಳತೊಡಗಿದೆನಲ್ಲ.

ಹುಡುಗ ಬಿ.ಎ. ಸೇರಿದ. ಬೀಗದ ಕೈಯ ನಿಜವಾದ ಅರ್ಥ ಯಾರೋ ಪುಣ್ಯಾತ್ಮರಿಂದ ಅವನಪ್ಪನ ಕಿವಿಗೂ ಬಿತ್ತು. ಅವರೀಗ ಷಡ್ಡಕರು ಕೂತ ಜಮಖಾನದ ಮೇಲೆ ಕೂರುವುದಿಲ್ಲ, ಮನೆಯವರನ್ನೂ ಕೂರಲು ಬಿಡುವುದಿಲ್ಲ. ಕೇಳುವವರು ಇಷ್ಟೊಂದು ಕಡಿಮೆಯಾದ್ದರಿಂದ, ಈಚೆಗೆ ಪ್ರತಿ ಸಮಾರಂಭದಲ್ಲೂ ಕರಡಿ ನನಗೇ ಎರಡೆರಡು ಸಲ ಎದುರಾಗುತ್ತಿದೆ.