ರೇಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ, ಪೀಣ್ಯದಿಂದ



ಪೀಣ್ಯ ಎರಡನೇ ಹಂತದ ವರ್ಕ್‌ಶಾಪೊಂದರಲ್ಲಿ ನಾನು ಇನ್‌ಸ್ಪೆಕ್ಷನ್ ನೋಡುವವನು. ಬೈಕಿನ ಬ್ರೇಕಿಗೆ ಹೋಗುವ ಪಿನ್ನುಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುತ್ತೇನೆ. ಇಪ್ಪತ್ತು ಮೈಕ್ರಾನ್ ಹೆಚ್ಚುಕಮ್ಮಿ ಕಂಡರೆ ರಿಜೆಕ್ಟ್ ಡಬ್ಬಕ್ಕೆ. ಬ್ರೇಕಿನ ವಿಷಯ, ಯಾರೂ ತಕರಾರು ಮಾಡುವುದಿಲ್ಲ.

ಮೊನ್ನೆ ಹನ್ನೆರಡು ವರ್ಷದ ಮಗ ಬೈಕ್ ರೇಸ್ ತರಬೇತಿಯ ಫಾರಂ ತಂದು "ಅಪ್ಪಾ, ಇಲ್ಲೊಂದು ಸೈನ್ ಹಾಕು" ಅಂದ. ಪೆನ್ನು ಕೈಗೆತ್ತಿಕೊಂಡವನಿಗೆ ಶ್ರೇಯಸ್ ಹರೀಶ್ ನೆನಪಾದ.

ನಮ್ಮ ಬೆಂಗಳೂರಿನ ಹುಡುಗ. ಮಿನಿಜಿಪಿ ರೇಸಿಗೆಂದು ಸ್ಪೇನಿಗೆ ಹೋಗಿಬಂದವನು. 2023ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ರೂಕಿ ರೇಸುಗಳಲ್ಲಿ ಸಾಲಾಗಿ ನಾಲ್ಕು ಗೆದ್ದಿದ್ದ. ಜುಲೈ 26ಕ್ಕೆ ಹದಿಮೂರು ತುಂಬಿತು. ಆಗಸ್ಟ್ 5ರ ಶನಿವಾರ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಬೆಳಿಗ್ಗೆ ಪೋಲ್ ಪೊಸಿಷನ್ ಕೂಡ ಅವನದೇ. ರೇಸ್ ಶುರುವಾಗಿ ಮೊದಲ ತಿರುವು ದಾಟುವಾಗ ಬಿದ್ದ. ತಲೆಗೆ ಪೆಟ್ಟು. ತಕ್ಷಣ ಕೆಂಪು ಬಾವುಟ ತೋರಿಸಿದರು, ಆಂಬುಲೆನ್ಸ್ ಅಲ್ಲೇ ಇತ್ತು. ಮಗು ಉಳಿಯಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲು ಸ್ಪೇನಿನಲ್ಲೂ ಹದಿನಾಲ್ಕರ ಹ್ಯೂಗೋ ಮಿಯಾನ್, ಹದಿನೈದರ ಡೀನ್ ಬೆರ್ಟಾ ವಿನ್ಯಾಲೆಸ್ ಹೀಗೇ ಹೋಗಿದ್ದರು. ಆಮೇಲೆ ಬೈಕುಗಳ ವಿಶ್ವ ಗ್ರ್ಯಾನ್ ಪ್ರಿಗೆ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿದರು.

ಹದಿಮೂರರ ಹುಡುಗ ಜಾಲಹಳ್ಳಿ ಕ್ರಾಸಿನಲ್ಲಿ ಸ್ಕೂಟರ್ ಓಡಿಸಿದರೆ ಅಪ್ಪನಿಗೆ 25,000 ರೂಪಾಯಿ ದಂಡ, ಜೈಲೂ ಆದೀತು. ಅದೇ ಹುಡುಗನನ್ನು ಟ್ರ್ಯಾಕಿಗೆ ಬಿಟ್ಟರೆ "ಅತಿ ಕಿರಿಯ" ಎಂದು ಪೇಪರಿನಲ್ಲಿ ಫೋಟೋ. ಅಂಥ ಸುದ್ದಿ ಓದಿ ನಾನೂ ಹೆಮ್ಮೆಪಟ್ಟಿದ್ದೇನೆ. 2025ರಲ್ಲಿ ನಮ್ಮೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದಾಗ ಶಾಪಿನವರಿಗೆಲ್ಲ ಮೈಸೂರುಪಾಕು ಹಂಚಿದೆ. ಕುಶ್ ಕೂಡ ಚಿಕ್ಕಂದಿನಲ್ಲೇ ಕಾರ್ಟ್ ಹತ್ತಿದವನು, ನಿಜ. ಆದರೆ ಆ ಗೆಲುವು ಬಂದಾಗ ಅವನಿಗೆ ಇಪ್ಪತ್ನಾಲ್ಕು. ನಮ್ಮ ಮಕ್ಕಳಿಗೆ ಇಷ್ಟು ಅವಸರ ಹಚ್ಚಿದವರು ನಾವೇ ಅಲ್ಲವೇ?

ಮಗನನ್ನು ಹೆಲ್ಮೆಟ್ ಅಂಗಡಿಗೆ ಕರೆದುಕೊಂಡು ಹೋದೆ. ಇದ್ದುದರಲ್ಲೇ ಚಿಕ್ಕದನ್ನು ಹಾಕಿಸಿ, ಗದ್ದದ ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಹೆಲ್ಮೆಟ್ ತಿರುಗಿತು, ತಲೆ ತಿರುಗಲಿಲ್ಲ.

"ಬೆಳೀತಾನೆ ಬಿಡಿ ಸಾರ್, ಸರಿಹೋಗುತ್ತೆ" ಅಂದ ಅಂಗಡಿಯವನು.

ಬೆಳೆಯಲಿ. ಫಾರಂ ಅಲ್ಲಿಯವರೆಗೆ ಮೈಕ್ರೋಮೀಟರಿನ ಪೆಟ್ಟಿಗೆಯ ಕೆಳಗಿರುತ್ತದೆ. ನೀವೂ ಸೈನ್ ಹಾಕುವ ಮೊದಲು ಒಂದು ಸಲ ಪಟ್ಟಿ ಬಿಗಿದು ತಿರುಗಿಸಿ ನೋಡಿ.

ಇಂತಿ,
ಪೀಣ್ಯದ ಒಬ್ಬ ಅಪ್ಪ