ಸೊನ್ನೆ, ಒಂದು, ಏನೂಂದ್ರೆ

ಶಿರಸಿಯಲ್ಲಿರುವ ಅಕ್ಕನ ಮಗ ಅಡಿಕೆ ವಿಂಗಡಿಸುವ ಪ್ರೋಗ್ರಾಂ ಬರೆದಿದ್ದಾನೆ. ಸ್ಟ್ಯಾಂಡಿಗೆ ಬಿಗಿದ ವೆಬ್‌ಕ್ಯಾಮಿನ ಕೆಳಗೆ ಅಡಿಕೆ ಹರವಿದರೆ, ಒಂದೊಂದರ ಸುತ್ತಲೂ ಹಸಿರು ಚೌಕ ಎಳೆದು ಇದು ಒಳ್ಳೆಯ ಚಾಲಿ, ಇದು ಕಳಪೆ ಕೋಕಾ ಎಂದು ಹೇಳುತ್ತದೆ. ನಾನು ನೋಡಲು ಕೂತಾಗ ಅದು ಲ್ಯಾಪ್‌ಟಾಪಿನ ಸ್ವಂತ ಕ್ಯಾಮೆರಾ ತೆರೆದು, ನನ್ನ ಬೋಳುತಲೆಗೆ ಚೌಕ ಹಾಕಿ 'ಕೋಕಾ' ಎಂದಿತು. ತೀರ್ಪು ಸರಿಯಾಗಿದೆ ಎಂದಳು ಅಕ್ಕ.

"ಕ್ಯಾಮೆರಾದ ನಂಬರು ಅದಲುಬದಲಾಗಿದೆ ಮಾವ, ಅಷ್ಟೇ" ಎಂದ ಹುಡುಗ.

ಅವನ ಪ್ರೋಗ್ರಾಂ ಕ್ಯಾಮೆರಾ ತೆರೆಯುವುದು ಓಪನ್‌ಸಿವಿ ಎಂಬ ಲೈಬ್ರರಿಯ ಮೂಲಕ. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದ ಓಪನ್‌ಸಿವಿ ಮುಖ ಹುಡುಕುತ್ತದೆ, ಓಡುವ ವಸ್ತುವಿನ ಬೆನ್ನು ಹತ್ತುತ್ತದೆ. ಪಕ್ಕದಲ್ಲೇ ಇರುವ ಕ್ಯಾಮೆರಾವನ್ನು ಮಾತ್ರ ಹೆಸರು ಹಿಡಿದು ಕರೆಯಲೊಲ್ಲದು. ಹಿಂದಿನ ಹೆಂಗಸರು ಗಂಡನ ಹೆಸರೆತ್ತದೆ 'ಏನೂಂದ್ರೆ' ಎನ್ನುತ್ತಿದ್ದ ಹಾಗೆ ಇದಕ್ಕೆ ಸೊನ್ನೆ, ಒಂದು, ಎರಡು. ಆ 'ಏನೂಂದ್ರೆ'ಗೆ ಓಗೊಡುವವರಾದರೂ ಒಬ್ಬರೇ ಇದ್ದರು. ಇಲ್ಲಿ ಕಂಪ್ಯೂಟರ್ ಯಾರನ್ನು ಮೊದಲು ಕಂಡಿತೋ ಅವರೇ ಸೊನ್ನೆ. ಲಿನಕ್ಸಿನಲ್ಲಂತೂ ಒಂದೇ ಕ್ಯಾಮೆರಾ ಎರಡು ನಂಬರು ಹಿಡಿದು ಕೂರುವುದುಂಟು. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಚಿತ್ರದ ವಿವರ ಮಾತ್ರ. ಎರಡನೆಯದನ್ನು ತೆರೆಯಹೋದವನಿಗೆ ಏನೂ ಕಾಣದು.

ಉಪಾಯಗಳಿವೆ. ವಿಂಡೋಸಿನ ಡೈರೆಕ್ಟ್‌ಶೋ ಎಂಬ ವ್ಯವಸ್ಥೆಯ ಬಳಿ ಕ್ಯಾಮೆರಾಗಳ ಹೆಸರಿನ ಪಟ್ಟಿ ಇರುತ್ತದೆ. ಪೈಗ್ರಾಬರ್ ಎಂಬ ಪೈಥಾನ್ ಲೈಬ್ರರಿಯಿಂದ ಅದನ್ನು ತರಿಸಿಕೊಂಡು, ನಮ್ಮದು ಎಷ್ಟನೆಯದೆಂದು ಎಣಿಸಿ, ಆ ನಂಬರನ್ನೇ ಓಪನ್‌ಸಿವಿಗೆ ಕೊಡುವುದು. ಹೆಸರು ಗೊತ್ತಿದ್ದೂ ಕೊನೆಗೆ ನಂಬರೇ! ತೆರೆಯುವಾಗಲೂ ಡೈರೆಕ್ಟ್‌ಶೋ ಮೂಲಕವೇ ತೆರೆಯಬೇಕು, ಇಲ್ಲದಿದ್ದರೆ ಎಣಿಕೆ ತಪ್ಪಬಹುದು. ಲಿನಕ್ಸ್ ಈ ವಿಷಯದಲ್ಲಿ ವಾಸಿ. ಅಲ್ಲಿ 'ಬೈ-ಐಡಿ' ಎಂಬ ಫೋಲ್ಡರಿನಲ್ಲಿ ಪ್ರತಿ ಯುಎಸ್‌ಬಿ ಕ್ಯಾಮೆರಾಕ್ಕೂ ತಯಾರಕರು, ಮಾದರಿ, ಇದ್ದರೆ ಸೀರಿಯಲ್ ನಂಬರು ಸೇರಿದ ಉದ್ದನೆಯ ಹೆಸರಿರುತ್ತದೆ. ಆ ವಿಳಾಸವನ್ನು ಕೊಟ್ಟರೆ ಓಪನ್‌ಸಿವಿ ತಕರಾರಿಲ್ಲದೆ ತೆರೆಯುತ್ತದೆ.

ಅಳಿಯ ಹಾಗೇ ಮಾಡಿದ. ಅಡಿಕೆಯ ಮಗ್ಗುಲನ್ನೂ ನೋಡಬೇಕೆಂದು ಅದೇ ಮಾದರಿಯ ಇನ್ನೊಂದು ಅಗ್ಗದ ಕ್ಯಾಮೆರಾ ತಂದ. ಹೆಸರೂ ಅದೇ, ಸೀರಿಯಲ್ ನಂಬರೂ ಅದೇ! ಅಗ್ಗದ ಮಾಲಿನಲ್ಲಿ ಹೀಗಾಗುವುದು ಹೊಸದೇನಲ್ಲ. ಆಮೇಲೆ ಉಳಿದದ್ದು 'ಬೈ-ಪಾತ್' ಒಂದೇ, ಅಂದರೆ ಯಾವ ಯುಎಸ್‌ಬಿ ತೂತಿನಲ್ಲಿ ಯಾರು ಕೂತಿದ್ದಾರೆ ಎಂಬ ಲೆಕ್ಕ. ಅಕ್ಕ ಮೊಬೈಲ್ ಚಾರ್ಜಿಗೆ ಹಾಕಲು ಒಂದು ವೈರು ಕಿತ್ತು, ಆಮೇಲೆ ಸಿಕ್ಕ ತೂತಿಗೆ ಸಿಗಿಸುವ ತನಕ ಅದೂ ಚೆನ್ನಾಗಿಯೇ ನಡೆದಿತ್ತು.

ಆದ್ದರಿಂದ ಅಕ್ಕನ ಮನೆಗೆ ಹೋಗುವ ನೆಂಟರಿಷ್ಟರಲ್ಲಿ ಒಂದು ವಿನಂತಿ: ಮೊಬೈಲ್ ಚಾರ್ಜ್ ಮಾಡುವುದಿದ್ದರೆ ದಯವಿಟ್ಟು ಗೋಡೆಯ ಪ್ಲಗ್ಗಿಗೇ ಹಾಕಿ.